ಕಡೇ ಕೋಣೆಯಲ್ಲಿ ನಾವಿಬ್ಬರು

ಮೊದಲು ಬಂದದ್ದು ಕೆಮ್ಮು. ಸುರಪುರದ ನಮ್ಮ ಓಣಿಯಲ್ಲಿ ಚಳಿಗಾಲದ ಬೆಳಗ್ಗೆ ಕೆಮ್ಮದ ಮನೆ ಯಾವುದಿತ್ತು? ಶುಂಠಿ ಜಜ್ಜಿ, ಬೆಲ್ಲ ಹಾಕಿ ಕುದಿಸಿ ಕುಡಿದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕುಪ್ಪಸಗಳು ಸಡಿಲಾದವು. "ಭಾಳ ಸೊರಗೀಯಲ್ಲ" ಎಂದು ಗಂಡ ದಾವೀದಪ್ಪ ಅಂದಾಗ, "ನಿಮ್ಮ ಮನಿ ಚಾಕರಿ ಮಾಡಿ ಮತ್ತೇನು ಉಬ್ಬಲೇನು?" ಎಂದು ಅವರ ಬಾಯಿ ಮುಚ್ಚಿಸಿದೆ. ನನ್ನ ನಾಲಿಗೆ ಮೊದಲಿನಿಂದಲೂ ಹಾಗೆಯೇ, ಸಾಣೆ ಹಿಡಿಯುವುದು ಬೇಕಾಗಿಲ್ಲ.

ಒಂದು ಮುಂಜಾನೆ ಪಾತ್ರೆ ತಿಕ್ಕುತ್ತ ಕೆಮ್ಮಿದೆ.

ಬೂದಿಯ ಮೇಲೆ ರಕ್ತ ಬಿತ್ತು.

ಪಕ್ಕದಲ್ಲಿ ಕುಳಿತಿದ್ದ ಮಗಳು ಸುಗುಣ ಬೆರಳು ತೋರಿಸಿ "ಅವ್ವಾ, ಕೆಂಪು" ಎಂದಳು. ಅವಳಿಗೆ ಆಗಷ್ಟೇ ಬಣ್ಣಗಳ ಹೆಸರು ಬರುತ್ತಿದ್ದವು. ನಾನು ಗಡಬಡಿಸಿ ಬೂದಿ ಮುಚ್ಚಿದೆ.

ಶಹಾಪುರದ ಮೇಲೆ ಹಾಯ್ದು ಬಸ್ಸಿನಲ್ಲಿ ಯಾದಗಿರಿಯ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಎಕ್ಸ್-ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನೋಡಿದಾಗಲೇ ನನಗೆ ಅರ್ಥವಾಗಿತ್ತು.

"ಟಿ.ಬಿ. ಎರಡೂ ಕಡೆ ಹತ್ತ್ಯಾದ. ಇವತ್ತೇ ಅಡ್ಮಿಟ್ ಆಗ್ಬೇಕು. ಮಗೂನ್ನ ಹತ್ತಿರ ತರಬ್ಯಾಡ್ರಿ."

ಆಸ್ಪತ್ರೆಯ ಬಾಗಿಲಲ್ಲಿ ಗಂಡನ ಕೈಯಲ್ಲಿದ್ದ ಮಗಳನ್ನು ಎತ್ತಿಕೊಳ್ಳದೆ ಬಿಟ್ಟುಬಂದೆ. ಅವಳು ಕೈಚಾಚಿದಳು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿಂದೆ ಸರಿದೆ. ಈ ಕಾಯಿಲೆ ನನ್ನ ಮೈಯಿಂದ ಏನೇನೋ ಕಿತ್ತುಕೊಂಡಿದೆ, ಅದನ್ನೆಲ್ಲ ಕ್ಷಮಿಸಿದ್ದೇನೆ. ಆ ಒಂದು ಹೆಜ್ಜೆ ಹಿಂದೆ ಇಡಿಸಿದ್ದನ್ನು ಮಾತ್ರ ಇನ್ನೂ ಕ್ಷಮಿಸಲಾಗಿಲ್ಲ.

ನನ್ನ ಕೋಣೆ ಆಸ್ಪತ್ರೆಯ ಕಂಪೌಂಡಿನ ಕಡೇ ತುದಿಯಲ್ಲಿತ್ತು. ಒಂದು ಬಾಗಿಲು, ಒಂದು ಕಿಟಕಿ, ಕಿಟಕಿಯಾಚೆ ಬೇವಿನ ಗಿಡ. ಆಯಾ ಶಾಂತಮ್ಮ ಊಟ ತಂದು ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದಳು. ಸಿಸ್ಟರ್ ಬಂದು ಇಂಜೆಕ್ಷನ್ ಚುಚ್ಚಿ ಹೋಗುತ್ತಿದ್ದರು. ಅದರ ಔಷಧಿ ಸ್ಟ್ರೆಪ್ಟೊಮೈಸಿನ್ ಹೈದರಾಬಾದಿನಿಂದ ಬರಬೇಕಿತ್ತು. ಬಂದರೆ ಬಂತು, ಇಲ್ಲದಿದ್ದರೆ ಕಾಯುವುದು. ಅದು ಮೈಗೆ ಹತ್ತಿದ ಮೇಲೆ ಕಿವಿಯೊಳಗೆ ಜೀರುಂಡೆ ಕೂಗಲು ಶುರುವಾಯಿತು. ನಿಂತರೆ ನೆಲ ತೇಲುತ್ತಿತ್ತು.

ಗಂಡನಿಗೆ ಬರಲಾಗುತ್ತಿರಲಿಲ್ಲ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳಿಕೆ ಮುಗಿದು, ಶಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬಂದ ಕಾಲ ಅದು. ಅವರು ಸುರಪುರದ ಶಾಲೆಯಲ್ಲಿ ಮಾಸ್ತರರು. ಇಷ್ಟು ವರ್ಷ ಉರ್ದುವಿನಲ್ಲಿ ಹೇಳಿದ ಲೆಕ್ಕ, ಭೂಗೋಳಗಳನ್ನು ಈಗ ಕನ್ನಡದಲ್ಲಿ ಹೇಳಬೇಕು. ರಜೆ ಕೇಳಿದರೆ ಮೇಲಿನವರು ಮುಖ ತಿರುಗಿಸುತ್ತಿದ್ದರು. ಮನೆಯಲ್ಲಿ ಮಗು ಬೇರೆ. ತವರು ಅನ್ನುವುದಂತೂ ನನಗೆ ಇರಲೇ ಇಲ್ಲ. ಅವ್ವ ತೀರಿಕೊಂಡ ಮೇಲೆ, ಬಳಿಚಕ್ರದ ಕಡೆ ಕುರಿ ಮೇಯಿಸುವ ಅಪ್ಪ ನನ್ನನ್ನು ಮಿಷನ್ ಬೋರ್ಡಿಂಗಿನಲ್ಲಿ ಬಿಟ್ಟಿದ್ದ. ಅಲ್ಲಿ ನಾನು ಯೇಸುವನ್ನು ನಂಬಿದೆ. ದೀಕ್ಷಾಸ್ನಾನ ತೆಗೆದುಕೊಂಡು, ಮಲ್ಲವ್ವ ಇದ್ದವಳು ಮಾರ್ಥಮ್ಮ ಆದ ದಿನದಿಂದ ಅಪ್ಪ ನನ್ನೊಂದಿಗೆ ಮಾತು ಬಿಟ್ಟ. ನನ್ನ ಮದುವೆಗೂ ಬರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಪಾದ್ರಿ ಅಯ್ಯನವರು ಬಂದರು. ಪಾಪ, ಒಳ್ಳೆಯವರೇ. ಆದರೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಿನಾಚೆ ಬಿಸಿಲಲ್ಲೇ ನಿಂತರು. "ಧೈರ್ಯ ಇರಲಿ ಮಾರ್ಥಮ್ಮ. ದೇವರು ನಿಮ್ಮ ಜೋಡಿ ಅದಾನ."

"ಹೌದೇನ್ರಿ? ಹಂಗಾದ್ರ ನೀವೂ ಒಳಗ ಬರ್ರಿ ಅಯ್ಯನವರ. ಮೂವರಿಗೂ ಜಾಗ ಅದ."

ಅವರು ಬರಲಿಲ್ಲ. ನಿಂತಲ್ಲೇ ಪ್ರಾರ್ಥನೆ ಮಾಡಿ, ಅರ್ಧಕ್ಕೆ ಕೆಮ್ಮು ಬಂದವರಂತೆ ಮಾಡಿ ಹೊರಟುಹೋದರು. ನನಗೆ ನಗುವೂ ಬಂತು, ಅಳುವೂ ಬಂತು. ಅವತ್ತಿನಿಂದ ಊಟ ಸೇರದಾಯಿತು. ರೊಟ್ಟಿ ಹೊಸ್ತಿಲಲ್ಲೇ ಒಣಗಿ ಹಪ್ಪಳವಾಗುತ್ತಿತ್ತು. ಡಾಕ್ಟರಮ್ಮ ತಟ್ಟೆ ನೋಡಿ ಗದರಿದರು: "ಇಂಜೆಕ್ಷನ್ ಅರ್ಧ ಕೆಲಸ ಮಾಡ್ತದ. ಇನ್ನರ್ಧ ನೀವು ಉಣ್ಣಬೇಕು. ಉಣ್ಣಲಿಲ್ಲಂದ್ರ ನಾ ಉಳಿಸಲಾರೆ."

ಉಳಿಯುವುದು ಯಾರಿಗಾಗಿ ಎಂದು ನನಗೆ ಅನಿಸತೊಡಗಿತ್ತು. ಸಾವಿನ ಭಯ ಅಷ್ಟಿರಲಿಲ್ಲ. ಬೋರ್ಡಿಂಗಿನ ಹುಡುಗಿಯಾಗಿದ್ದಾಗಿನಿಂದ ನಾನು ನಂಬಿದ ಯೇಸು, ಅಪ್ಪನನ್ನೇ ಕಳೆದುಕೊಂಡು ನಾನು ಹಿಡಿದುಕೊಂಡವನು, ಇವನೂ ಹೊಸ್ತಿಲಾಚೆಯೇ ನಿಂತಿದ್ದಾನೇನೋ ಎಂಬ ಭಯ ಎದೆಯಲ್ಲಿ ಕೂತಿತ್ತು. ಹಾಗಿದ್ದರೆ ನನ್ನ ಇಡೀ ಬಾಳೇ ಒಂದು ಮೋಸ.

ಒಂದು ದಿನ ತಡೆಯಲಾಗಲಿಲ್ಲ. ಮಂಚದ ಮೇಲೆ ಎದ್ದು ಕೂತು ಗಟ್ಟಿಯಾಗಿ ಬೈಯತೊಡಗಿದೆ. ಪ್ರಾರ್ಥನೆಯ ಭಾಷೆಯೆಲ್ಲ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು ನಮ್ಮ ಹಟ್ಟಿಯ ಮಾತು. "ಏನಂತ ತಿಳಿದೀ ನನ್ನ? ನಿನ್ನ ಹೆಸರ ಮ್ಯಾಲ ತವರ ಬಿಟ್ಟೇನಿ. ಕೂಸಿನ್ನ ಬಿಟ್ಟು ಬಂದೀನಿ. ನೀ ಎಲ್ಲಿ ಹೋಗೀ? ನಿನಗೂ ನನ್ನ ಜಡ್ಡು ಅಂಟ್ತದಂತ ಹೆದರಿಕಿ ಬಂತೇನು?" ಉಸಿರು ಸಾಲದೆ ಕೆಮ್ಮುತ್ತ, ಕೆಮ್ಮು ನಿಂತರೆ ಮತ್ತೆ ಬೈಯುತ್ತ ಕೂತೆ.

ತಟ್ಟೆ ಒಯ್ಯಲು ಬಂದ ಶಾಂತಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಯವ್ವಾ! ಯಾರ ಜೋಡಿ ಜಗಳ ಆಡಾಕತ್ತೀರಿ ಅಕ್ಕಾರ?"

"ದೇವರ ಜೋಡಿ."

ಅವಳು ಕೋಣೆಯನ್ನೆಲ್ಲ ಒಮ್ಮೆ ನೋಡಿ, ಸೊಂಟದ ಮೇಲೆ ಕೈಯಿಟ್ಟು, "ಇಲ್ಲದವನ ಜೋಡಿ ಯಾರರೆ ಇಷ್ಟು ಜಗಳ ಆಡ್ತಾರೇನ್ರಿ?" ಎಂದಳು. ಹಳೇ ತಟ್ಟೆ ಎತ್ತಿಕೊಂಡು, ಹೊಸ ತಟ್ಟೆ ಇಟ್ಟು ನಡೆದಳು.



ಬೆಳಕು ಕಾಣಲಿಲ್ಲ. ದನಿ ಕೇಳಲಿಲ್ಲ. ಚರ್ಚಿನಲ್ಲಿ ಎದ್ದು ನಿಂತು ತಮ್ಮ ಅನುಭವದ ಸಾಕ್ಷಿ ಹೇಳುವವರು ಕೆಲವರು ಹಾಗೆಲ್ಲ ಹೇಳುತ್ತಾರೆ, ಅವರಿಗೆ ಆಗಿದ್ದೀತು. ನಾನು ಆಗದ್ದನ್ನು ಹೇಳಲಾರೆ. ಆದದ್ದು ಇಷ್ಟೇ. ಅಷ್ಟು ಹೊತ್ತು ನಾನು ಗೋಡೆಗೆ ಬೈದಿರಲಿಲ್ಲ, ಒಬ್ಬರ ಮುಖಕ್ಕೆ ಬೈದಿದ್ದೆ ಎಂಬುದು ಗೊತ್ತಾಯಿತು. ಅವನು ಎದ್ದು ಹೋಗದೆ, ಮೂಗಿಗೆ ಬಟ್ಟೆ ಹಿಡಿಯದೆ, ನನ್ನ ಕೆಮ್ಮನ್ನೂ ಬೈಗುಳವನ್ನೂ ಪೂರ್ತಿ ಕೇಳಿಸಿಕೊಂಡು ಕುಳಿತಿದ್ದ. ಮನೆಯಲ್ಲಿ ಯಾರೋ ಇದ್ದಾರೆಂದು ಕಣ್ಣುಮುಚ್ಚಿದ್ದರೂ ತಿಳಿಯುತ್ತದಲ್ಲ, ಹಾಗೆ ತಿಳಿಯಿತು. ನನಗೆ ನಗು ಬಂತು. ಪಕ್ಕೆ ಹಿಡಿದುಕೊಂಡು ನಕ್ಕೆ. "ಕೇಳಿಸ್ಕೊಂಡಿಯಲ್ಲ, ಮತ್ತ ಸುಮ್ಮನ ಯಾಕ ಕುಂತಿದ್ದಿ?" ಎಂದು ಕೇಳಿದೆ. ಆಮೇಲೆ ಹೊಸ್ತಿಲ ತನಕ ಗೋಡೆ ಹಿಡಿದು ನಡೆದು, ರೊಟ್ಟಿ ಪುಂಡಿಪಲ್ಯದ ತಟ್ಟೆ ತಂದು, ತಣ್ಣಗಾಗಿದ್ದರೂ ಬಿಡದೆ ಉಂಡೆ.

ಅದಾದ ಮೇಲೂ ಕಾಯಿಲೆ ತನ್ನ ಕಸುಬು ಬಿಡಲಿಲ್ಲ. ಔಷಧಿ ಬರುವುದು ತಡವಾಯಿತು. ಮತ್ತೊಮ್ಮೆ ರಕ್ತ ಬಂತು, ಮೊದಲಿಗಿಂತ ಜಾಸ್ತಿ. ಡಾಕ್ಟರಮ್ಮ ಐಸ್ ಇಡಿಸಿ, ಅಲುಗಾಡಬಾರದು ಎಂದರು. ಛಾವಣಿ ನೋಡುತ್ತ ಮಲಗಿದ್ದೆ. ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಹೆದರಿಕೆಯನ್ನು ನಾನೊಬ್ಬಳೇ ಹೊರುತ್ತಿರಲಿಲ್ಲ. ದಿನವೂ ಅವನ ಜೊತೆ ಮಾತಾಡಿದೆ. ಮಗಳ ಸುದ್ದಿ ಹೇಳಿದೆ, ಸಾರಿಗೆ ಉಪ್ಪು ಕಮ್ಮಿ ಎಂದು ದೂರಿದೆ. ಊಟ ಬಂದಾಗೆಲ್ಲ "ಬಾ, ಕೂಡು" ಎಂದು ಕರೆದು ಉಂಡೆ.

ಜ್ವರ ಇಳಿಯಿತು. ಕೆಮ್ಮು ಇಳಿಯಿತು. ಕೊನೆಗೆ ಕಫದ ಟೆಸ್ಟಿನಲ್ಲಿ ಏನೂ ಇಲ್ಲವೆಂದು ಬಂತು. "ನೀವು ಗೆದ್ರಿ ಮಾರ್ಥಮ್ಮ" ಎಂದು ಡಾಕ್ಟರಮ್ಮ ಕೈ ಹಿಡಿದು ಹೇಳಿದರು.

ಈಗ ಮನೆಯಲ್ಲಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು, ಎಡಗಿವಿ ಅರ್ಧ ಮಂದ. ಎಕ್ಸ್-ರೇಗೆ ಮತ್ತೆ ಮತ್ತೆ ಹೋಗಬೇಕು. ಮಗಳು ತೊಡೆಯಿಂದ ಇಳಿಯುವುದಿಲ್ಲ. ಆದರೆ ಆಸ್ಪತ್ರೆ ಬಿಡುವ ಹಿಂದಿನ ದಿನದ ಮಾತು ಹೇಳದಿದ್ದರೆ ನಾನು ಏನೂ ಹೇಳಿದಂತಾಗುವುದಿಲ್ಲ.

ಅವತ್ತು ಬೇವಿನ ಗಿಡದ ಕೆಳಗೆ ಹೆಗಲ ಮೇಲೆ ಕಂಬಳಿ ಹೊತ್ತ ಒಬ್ಬ ಮುದುಕ ನಿಂತಿದ್ದ. ಅಪ್ಪ. ಯಾರೋ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಲು ಕರೆಸಿದ್ದರಂತೆ, ಹಿಂಡು ಊರ ಹೊರಗೆ ಬೀಡುಬಿಟ್ಟಿತ್ತು. ನನ್ನ ಸುದ್ದಿ ಅಲ್ಲಿ ಅವನ ಕಿವಿಗೆ ಬಿದ್ದಿತ್ತು. ನಾನು ಹೊರಗೆ ಬಂದೆ. ಅಪ್ಪ ಹತ್ತಿರ ಬಂದು, ಸಂತೆಯಲ್ಲಿ ಕುರಿಯ ಬೆನ್ನು ಹಿಸುಕಿ ಮಾಂಸ ನೋಡುವಂತೆ, ನನ್ನ ಬೆನ್ನುಹುರಿಯ ಗುಂಟ ಬೆರಳಾಡಿಸಿ ನೋಡಿದ.

"ಮೈ ತುಂಬ್ಯಾದ" ಎಂದ. ಎಷ್ಟೋ ವರ್ಷಗಳ ಮೇಲೆ ಅಪ್ಪನ ಮೊದಲ ಮಾತು. "ಮಲ್ಲವ್ವಾ, ಇಲ್ಲಿ ನಿನ್ನ ಜೋಡಿ ಯಾರಿದ್ರು?"

"ಯಾರನ್ನೂ ಬಿಡೂದಿಲ್ಲಪ್ಪಾ. ಅಂಟುಜಡ್ಡು."

"ಸುಳ್ಳು ಹೇಳಬ್ಯಾಡ. ಜಡ್ಡಿನ ಕುರಿ ಹಿಂಡಿನಿಂದ ಬ್ಯಾರೆ ಕಟ್ಟಿದಾಗ ಅದರ ಕಣ್ಣಿಗೆ ಕಾಣೂವಂಗ ಇನ್ನೊಂದು ಕುರಿ ಕಟ್ತೀವಿ. ಕಟ್ಟಲಿಲ್ಲಂದ್ರ ಅದು ಮೇವು ಮೂಸಿನೂ ನೋಡಂಗಿಲ್ಲ. ಒಂಟಿ ಕುರಿ ಜಡ್ಡಿಗಿಂತ ಮೊದಲ ಹಸಿದು ಸಾಯ್ತದ. ನೀ ಉಂಡೀ, ತುಂಬಿ ನಿಂತೀ. ಯಾರೋ ಇದ್ರು. ಯಾರವ್ವಾ?"

ಅಪ್ಪ ಎಂದಾದರೂ ಕೇಳಿದರೆ ಹೇಳಬೇಕೆಂದು ಎಷ್ಟೋ ವರ್ಷಗಳಿಂದ ವಾದ ಜೋಡಿಸಿಟ್ಟುಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ.

"ಯೇಸುಸ್ವಾಮಿ ಇದ್ದ, ಅಪ್ಪಾ."

ಆ ಹೆಸರಿಗೆ ಹಿಂದೆ ಅವನು ಎದ್ದು ಹೋಗುತ್ತಿದ್ದ. ಈಗ ಕಣ್ಣೊರೆಸಿಕೊಂಡ. "ನಾ ಬರಬೇಕಾಗಿತ್ತು, ಬರಲಿಲ್ಲ. ಆತ ಕುಂತಾನ. ಆತಗ ನಂದೊಂದು ಶರಣು ಹೇಳು."

"ನೀನ ಹೇಳಪ್ಪಾ. ಆತ ಎದ್ದು ಹೋಗಿಲ್ಲ, ಒಳಗ ಅದಾನ."

ಅಪ್ಪ ಕೆರ ಬಿಟ್ಟ. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಪಾದ್ರಿಗಳೂ ದಾಟದ ಆ ಹೊಸ್ತಿಲು ದಾಟಿ ಒಳಗೆ ಹೋಗಿ, ನನ್ನ ಮಂಚದ ಪಕ್ಕದ ಖಾಲಿ ಜಾಗಕ್ಕೆ ಕೈಮುಗಿದು, ಎದುರಿಗೆ ಕುಳಿತ ಹಿರಿಯರಿಗೆ ಹೇಳುವಷ್ಟು ಗಟ್ಟಿಯಾಗಿ ಹೇಳಿದ:

"ಶರಣ್ರೀ ಯಪ್ಪಾ. ನಾ ಮಲ್ಲವ್ವನ ಅಪ್ಪ."