ಹೊಸ್ತಿಲ ಹೊರಗಿನ ಬೆಕ್ಕು

ಬಾಣಂತಿ ಮಗಳಿಗೆ ಅಂಟಿನುಂಡೆ ಕಟ್ಟಬೇಕೆಂದು ಒಣಕೊಬ್ಬರಿ ತುರಿಯುತ್ತಿದ್ದೆ. ಕೆರೆಬಿಳಚಿಯಿಂದ ನಾದಿನಿಯ ಫೋನು ಬಂತು. ಅವಳ ಮನೆಯಲ್ಲಿ ಕೆಲವು ದಿನ ಇದ್ದು ಬರಲು ಹೋಗಿದ್ದ ನಮ್ಮತ್ತೆ, ಬೆಳಿಗ್ಗೆ ಪೂಜೆಗೆ ಕುಳಿತವರು ಕುಳಿತಂತೆಯೇ ಲಿಂಗೈಕ್ಯರಾಗಿದ್ದರು.

ಸತ್ತವರು ಬೇರೆ ರೂಪದಲ್ಲಿ ಬರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ಪೈಕಿ ಕೊರಳಲ್ಲಿ ಲಿಂಗ ಧರಿಸಿದವರು ಹೋದರೆಂದರೆ ಶಿವನಲ್ಲಿ ಸೇರಿದರೆಂದೇ ಅರ್ಥ. ಕಾಗೆಗೆ ಪಿಂಡ ಇಡುವುದಿಲ್ಲ, ಹೋದವರು ತಿರುಗಿ ಬರುವುದೂ ಇಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವರೇ ಅತ್ತೆ.

ಸವಳಂಗದ ನಮ್ಮ ಮನೆಯಿಂದ ಯಜಮಾನರು ಬೈಕ್ ಹತ್ತಿ ಹೊರಟರು. ಮಗಳಿಗೆ ಜ್ವರ, ಕೂಸು ಎಳೆಯದು. ಮಣ್ಣಿಗೆ ಹೋಗಲು ನನಗಾಗಲಿಲ್ಲ. ತೊಟ್ಟಿಲು ಶಾಸ್ತ್ರಕ್ಕೆ ಬಂದು ಮರಿಮಗಳನ್ನು ನೋಡುತ್ತೇನೆ ಎಂದಿದ್ದ ಅತ್ತೆ, ಅವಳ ಮುಖ ನೋಡದೆಯೇ ಹೋದರು. ಸಂಜೆಗೆ ಮಗಳ ಜ್ವರ ಇಳಿಯಿತು. ಅಷ್ಟು ದಯೆ ತೋರಿದ ಶಿವ.

ಮಾರನೆಯ ಬೆಳಿಗ್ಗೆ ಹೊಸ್ತಿಲು ತೊಳೆಯಲು ಹೋದರೆ ಅದರಾಚೆ ಒಂದು ಬೂದು ಬೆಕ್ಕು. ನಮ್ಮ ಓಣಿಯದಲ್ಲ. ಬಾಗಿಲು ತೆರೆದೇ ಇದ್ದರೂ ಒಳಗೆ ಕಾಲಿಡಲಿಲ್ಲ. ಬಟ್ಟಲಲ್ಲಿ ಹಾಲಿಟ್ಟರೆ ಮೂಸಿಯೂ ನೋಡಲಿಲ್ಲ. ಸ್ನಾನ ಮಾಡಿ, ಪೂಜೆಯ ಗಂಟೆ ಬಾರಿಸಿ ಬಂದು ನೋಡಿದರೆ ಕುಡಿಯುತ್ತಿತ್ತು. ಅಂದು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನ ಬೇಕೆಂದೇ ಪೂಜೆಯನ್ನು ತಡಮಾಡಿದೆ. ಬಿಸಿಲೇರಿ ಹಾಲಿನ ಮೇಲೆ ಕೆನೆ ಕಟ್ಟಿದರೂ ಬೆಕ್ಕು ಕಣ್ಣು ಮುಚ್ಚಿ ಕುಳಿತೇ ಇತ್ತು. ಗಂಟೆ ಕೇಳಿದ ಮೇಲೆಯೇ ಬಾಯಿ ಹಾಕಿತು. ಅತ್ತೆಯೂ ಪೂಜೆಯಾಗದೆ ಗುಟುಕು ನೀರು ಮುಟ್ಟಿದವರಲ್ಲ.

ಕಾರ್ಯ ಮುಗಿಸಿ ಬಂದ ಯಜಮಾನರಿಗೆ ಹೇಳಿದೆ.

"ಲಿಂಗ ಕಟ್ಕೊಂಡೋರು ಬೆಕ್ಕಾಗಿ ಬರ್ತಾರೇನೆ? ಅವ್ವ ಕೇಳಿಸ್ಕೊಂಡಿದ್ರೆ ನಿನಗೆ ಸೌಟು ತಗೊಂಡು ಬಿಡೋಳು" ಎಂದರು.

"ಹಂಗಾದ್ರೆ ನೀವೇ ಓಡಿಸ್ರಿ ನೋಡಾನ."

ಬಾಗಿಲವರೆಗೆ ಹೋದವರು ಕೈ ಎತ್ತದೆ ತಿರುಗಿ ಬಂದರು. "ಹೊರಗಿದ್ರೆ ನಾಯಿ ಹರಿದು ಹಾಕ್ತಾವೆ ಕಣೆ. ಒಳಗೆ ಕರ್ಕಂಡ್ರಾಯ್ತು ಬಿಡು."

ಕೋಣೆಯಿಂದ ಮಗಳು ಕೂಗಿದಳು. "ಅಪ್ಪಾ, ನಿಂಗೇನ್ ತಲೆ ಕೆಟ್ಟೈತಾ? ಕೂಸಿನ ಎದೆ ಮ್ಯಾಲೆ ಹತ್ತಿ ಮಲಗಿದ್ರೆ ಯಾರು ಹೊಣೆ? ಬೆಕ್ಕು ಒಳಗೆ ಬಂದ್ರೆ ನಾನು ಕೂಸು ಎತ್ಕಂಡು ನಮ್ಮನೆಗೆ ಹೊಂಟೆ!"

ಅವಳ ಮಾತು ತಪ್ಪಲ್ಲ. ಆ ಎಳೆಕೂಸಿನ ಉಸಿರಾಟ ನೋಡುತ್ತ ಕೂರುವವಳು ನಾನೇ. ಆದರೆ ಸಂಜೆ ಬಾಗಿಲು ಹಾಕುವಾಗ ಹೊಸ್ತಿಲಾಚೆಯ ಆ ಎರಡು ಕಣ್ಣುಗಳ ಮೇಲೆ ಕದ ಎಳೆಯುವವಳೂ ನಾನೇ.

ಅತ್ತೆಯದೊಂದು ಪದ್ಧತಿ ಇತ್ತು. ಯಾವ ಊರಿಂದ ಬಂದರೂ ನಾನು ಕಾಲಿಗೆ ಒಂದು ತಂಬಿಗೆ ನೀರು ತಂದು "ಒಳಗೆ ಬರ್ರಿ ಅತ್ತೆ" ಎನ್ನುವವರೆಗೆ ಹೊರಗೇ ನಿಲ್ಲುತ್ತಿದ್ದರು. "ನಿಮ್ಮ ಮನೇಗೆ ನಿಮ್ಮನ್ನೇ ಕರೀಬೇಕೇನ್ರಿ?" ಎಂದು ಒಮ್ಮೆ ಛೇಡಿಸಿದ್ದೆ. "ಕರೆದ್ರೆ ನಿನ್ನ ಬಾಯಿ ಸವೀತೈತೇನು?" ಎಂದಿದ್ದರು.

ತೊಟ್ಟಿಲಿಗೆ ಹಾಕುವ ದಿನ ಬಂತು. ಮಗಳು ಬಚ್ಚಲಲ್ಲಿದ್ದಳು. ಬೆಕ್ಕನ್ನು ಕೂಸಿನ ಹತ್ತಿರ ಬಿಡಲಾರೆ, ಕೂಸನ್ನೇ ಬಾಗಿಲಿಗೆ ಒಯ್ದು ತೋರಿಸಿದರೆ ಏನಾದೀತು ಎನ್ನಿಸಿತು. ಮೊದಲು ಒಂದು ತಂಬಿಗೆ ನೀರು ತಂದು ಹೊಸ್ತಿಲ ಬಳಿ ಇಟ್ಟೆ. ಯಾಕೆಂದು ನನಗೇ ಗೊತ್ತಿಲ್ಲ. ಆಮೇಲೆ ಕೂಸನ್ನು ಕುಲಾವಿ ಕಟ್ಟಿ ಎತ್ತಿಕೊಂಡು ಬಂದು ಮುಖ ತೋರಿಸಿದೆ.

ಬೆಕ್ಕು ಕೂಸನ್ನು ನೋಡಲೇ ಇಲ್ಲ. ತಂಬಿಗೆಯನ್ನು ನೋಡಿತು, ಎದ್ದು ನಿಂತಿತು, ನನ್ನ ಮುಖ ನೋಡಿತು. ಕಾಯುತ್ತಿತ್ತು.

"ಬರ್ರಿ" ಎಂಬ ಮಾತು ಗಂಟಲವರೆಗೆ ಬಂತು. ಅದನ್ನು ಆಡಿದರೆ ಅತ್ತೆ ಇನ್ನೂ ಶಿವನನ್ನು ಸೇರಿಲ್ಲ ಎಂದು ನಾನೇ ಒಪ್ಪಿದ ಹಾಗೆ. ಪೂಜೆಯಲ್ಲೇ ಪ್ರಾಣ ಬಿಟ್ಟವರನ್ನು ಬೀದಿಯ ಬೆಕ್ಕೆಂದು ಹೇಗೆ ಕರೆಯಲಿ? ಕರೆಯದೆ ಹೇಗೆ ಇರಲಿ? ಕೂಸು ಕೈಯಲ್ಲಿ ಮಿಸುಕಾಡಿತು. ಆ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ.

ಸ್ವಲ್ಪ ಹೊತ್ತು ನಿಂತು ಬೆಕ್ಕು ಮೆಟ್ಟಿಲಿಳಿಯಿತು. ತಿರುಗಿ ನೋಡಲಿಲ್ಲ, ಮತ್ತೆಂದೂ ಬರಲಿಲ್ಲ. ಆ ಕೂಸು ಈಗ ಶಾಲೆಗೆ ಹೋಗುತ್ತಿದೆ, ಗುಂಡುಕಲ್ಲಿನ ಹಾಗಿದೆ. ಅದೇ ದೊಡ್ಡದು. ಆದರೆ ಅಂದು ನಾನು ಹೊರಗೆ ನಿಲ್ಲಿಸಿದ್ದು ಯಾರನ್ನು? ಪೂಜೆಗೆ ಕುಳಿತಾಗಲೆಲ್ಲ ಶಿವನನ್ನು ಕೇಳುತ್ತೇನೆ. ಅವನೂ ಬಾಯಿ ಬಿಟ್ಟಿಲ್ಲ.

ಅಂದು ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. "ಅಮ್ಮಾ, ಬಿಸಿನೀರು ಸಾಲ್ದು" ಎಂದು ಮಗಳು ಬಚ್ಚಲಿಂದ ಕೂಗಿದಳು. ಕೂಸನ್ನು ಮಲಗಿಸಿದೆ. ಹೊಸ್ತಿಲ ಬಳಿಯ ತಂಬಿಗೆ ತಂದು ಆ ನೀರನ್ನೂ ಹಂಡೆಗೆ ಸುರಿದು, ಒಲೆಗೆ ಸೌದೆ ತಳ್ಳಿದೆ.