ಸುಮ್ಮನಿರದ ಕೈ

ಮನೆಯವರು ಅವಳಿಗಿಟ್ಟ ಅಡ್ಡಹೆಸರು ರಿಪೇರಿ. ಚಿಕ್ಕಂದಿನಲ್ಲಿ ರೇಡಿಯೊ ಬಿಚ್ಚಿದವಳು, ಗೋಡೆ ಗಡಿಯಾರ ಬಿಚ್ಚಿದವಳು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದಳೇ ಎಂದು ಮಾತ್ರ ಕೇಳಬೇಡಿ. ದೊಡ್ಡವಳಾಗಿ ಸಾಫ್ಟ್‌ವೇರ್ ಎಂಜಿನಿಯರ್ ಆದಾಗ ಯಾರೂ ಹುಬ್ಬೇರಿಸಲಿಲ್ಲ. ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕಿ ಸರಿಮಾಡುವುದರಲ್ಲಿ ಅವಳದು ಎತ್ತಿದ ಕೈ.

ಅಂಥವಳು ಆ ಕೆಲಸಕ್ಕೆ ಬೆನ್ನು ತಿರುಗಿಸಿ ಬಿಸಿನೆಸ್ ಸ್ಕೂಲ್ ಸೇರಿದ್ದು ಒಂದು ಆ್ಯಪ್‌ನ ದೆಸೆಯಿಂದ. ಆಸ್ಪತ್ರೆಯ ನರ್ಸ್‌ಗಳಿಗೆಂದು ಅವಳ ತಂಡ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದದ್ದು. ಹೇಗೆ ನಡೆಯುತ್ತಿದೆಯೋ ನೋಡೋಣ ಎಂದು ಇವಳು ವಾರ್ಡಿಗೆ ಹೋದರೆ, ಕಿಟಕಿ ಬಡಿದುಕೊಳ್ಳದಂತೆ, ಆ ಆ್ಯಪ್ ಹಾಕಿಕೊಟ್ಟಿದ್ದ ಟ್ಯಾಬ್ಲೆಟ್ ಕಂಪ್ಯೂಟರನ್ನೇ ಒತ್ತು ಕೊಟ್ಟು ನಿಲ್ಲಿಸಿದ್ದರು! ಎರಡೂ ಕೈಗೆ ಗ್ಲೌಸ್ ಹಾಕಿ ಓಡಾಡುವವರು ಪರದೆ ಮುಟ್ಟುವುದಾದರೂ ಹೇಗೆ? ಬರೆಯುವ ಮೊದಲು ಯಾರೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ಇವಳೂ ಕೇಳಿರಲಿಲ್ಲ. ಇನ್ನು ಮೇಲೆ ಕೇಳುವ ಕೆಲಸವನ್ನೇ ಮಾಡುತ್ತೇನೆ ಎಂದು ಅಂದೇ ಹಟ ಹಿಡಿದಳು. ಕನ್ಸಲ್ಟಿಂಗ್ ಎಂದರೆ ಅವಳ ಪಾಲಿಗೆ ಅದೇ: ಬೇರೆಯವರ ಕಂಪನಿಗೆ ಹೋಗುವುದು, ಅವರ ತಾಪತ್ರಯ ಕೇಳುವುದು, ದಾರಿ ತೋರಿಸುವುದು.

ಆದರೆ ಹುಟ್ಟುಗುಣ ಅಷ್ಟು ಸುಲಭಕ್ಕೆ ಬಿಟ್ಟೀತೇ? ಮೊದಲ ಸಂದರ್ಶನದಲ್ಲಿ ಬಿಡಿಸಿ ತೋರಿಸಲೆಂದು ಒಂದು ಹೋಟೆಲಿನ ಸಮಸ್ಯೆ ಕೊಟ್ಟರು. ಗಿರಾಕಿಗಳು ಕಡಿಮೆಯಾಗಿದ್ದಾರೆ ಎನ್ನುವಷ್ಟರಲ್ಲಿ ಇವಳು ಬುಕಿಂಗ್ ಆ್ಯಪ್ ಹೀಗೆ ಬದಲಿಸಬೇಕು, ಹಾಗೆ ಬದಲಿಸಬೇಕು ಎಂದು ಶುರು ಹಚ್ಚಿಕೊಂಡಳು. ಅವರು ಪಾಪ ಕೊನೆಯವರೆಗೂ ಕೇಳಿಸಿಕೊಂಡು, ಹೋಟೆಲಿನ ಮುಂದಿನ ರಸ್ತೆ ಅಗೆದುಹಾಕಿರುವುದನ್ನು ಆಮೇಲೆ ತಿಳಿಸಿದರು. ಇವಳ ಮುಖ ಸಪ್ಪಗಾಯಿತು. ಮುಂದಿನ ಸಂದರ್ಶನಗಳೂ ಹೀಗೇ ಕೈಕೊಟ್ಟವು.

ಹಾಸ್ಟೆಲಿನಲ್ಲಿ ಅವಳ ರೂಮ್‌ಮೇಟ್ ಹಿಂದೆ ಹಲ್ಲಿನ ಡಾಕ್ಟರಾಗಿದ್ದವಳು. ಎಲ್ಲರೂ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಇವಳಿಗೆ ಸಂದರ್ಶನದ ಅಭ್ಯಾಸ ಮಾಡಿಸುತ್ತಿದ್ದವಳು ಕೊನೆಗೆ ರೋಸಿಹೋದಳು.

"ಅಲ್ಲ ಕಣೇ, ಹಲ್ಲುನೋವು ಅಂತ ಬಂದೋರಿಗೆ ಬಾಯಿ ತೆರೆಯೋಕೂ ಬಿಡ್ದೆ ಹಲ್ಲು ಕೀಳ್ತೀಯಲ್ಲ!"

ಇವಳು ನಕ್ಕಳು, ಆದರೆ ಒಳಗೊಳಗೇ ಅಳು ಬಂತು. ಕಾಲೇಜಿಗೆ ಬರುವ ಕನ್ಸಲ್ಟಿಂಗ್ ಕಂಪನಿಗಳಲ್ಲಿ ಇನ್ನು ಉಳಿದದ್ದು ಒಂದೇ. ಅದೂ ಕೈತಪ್ಪಿದರೆ ಹಳೇ ಕುರ್ಚಿ, ಹಳೇ ಕೋಡ್, ಕಿಟಕಿಗೆ ಒತ್ತು ಕೊಡುವ ಇನ್ನೊಂದು ಟ್ಯಾಬ್ಲೆಟ್.

ಆ ಕಂಪನಿ ಬರುವ ಹಿಂದಿನ ದಿನ ಅಪ್ಪನ ಫೋನು ಬಂತು. ಅಪ್ಪ ಜೀವಮಾನವಿಡೀ ಸಿಟಿ ಬಸ್ ಓಡಿಸಿದವರು; ಈಚೆಗೆ ಅವರನ್ನು ಹೊಸ ಡ್ರೈವರ್‌ಗಳಿಗೆ ಕಲಿಸುವ ಕೆಲಸಕ್ಕೆ ಹಾಕಿದ್ದರು. ವಾರಕ್ಕೊಮ್ಮೆ ಫೋನ್ ಮಾಡಿ, ಮೊಬೈಲ್ ಯಾಕೋ ಸರಿಯಿಲ್ಲ ಎನ್ನುವರು. ಇವಳು ಅದನ್ನೊತ್ತಿ, ಇದನ್ನೊತ್ತಿ ಎಂದು ಹೇಳಿ ಇಟ್ಟುಬಿಡುವಳು. ಇಂದೂ ಅದೇ ರಾಗ. ಡಾಕ್ಟರಮ್ಮ ಹೇಳಿದ ಹಲ್ಲಿನ ಮಾತು ನೆನಪಾಗಿ ಇವಳು ನಾಲಿಗೆ ಬಿಗಿಹಿಡಿದಳು.

"ಏನಾಗಿದೆ ಅಪ್ಪ? ಮೊದಲಿಂದ ಹೇಳಿ."

ಅದನ್ನೊತ್ತಿ ಎನ್ನದೆ ಇವಳು ಕಾದಳು.

"ಫೋನಿಗೇನೂ ಆಗಿಲ್ಲ ಕಣಮ್ಮ. ನನಗೇ ಏನೋ ಆಗಿದೆ."

ಆಮೇಲೆ ಅಪ್ಪ ಬಾಯಿಬಿಟ್ಟರು. ಕಲಿಯುವವರು ತಿರುವಿನಲ್ಲಿ ಒಂಚೂರು ತಡವರಿಸಿದರೆ ಸಾಕು, ಪಕ್ಕದಲ್ಲಿ ಕೂತ ಇವರ ಕೈ ತಾನಾಗಿ ಸ್ಟೇರಿಂಗಿಗೆ ಹೋಗುತ್ತದೆ. ಕನ್ನಡಕದ ಹೆಂಗಸೊಬ್ಬಳು, ಸಾರ್, ನೀವೇ ಓಡಿಸಿ, ನಾನು ಇಳೀತೀನಿ ಎಂದು ಕಣ್ಣೀರು ಹಾಕಿದಳಂತೆ. ನಾಳೆಯಿಂದ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ ಎಂದರು ಅಪ್ಪ. ತನ್ನ ರೋಗದ ಮೂಲ ಎಲ್ಲಿಯದು ಎಂದು ಇವಳಿಗೆ ಆಗ ಗೊತ್ತಾಯಿತು. ಇಷ್ಟು ವಾರ ಮಾತಾಡಲು ಬಂದ ಅಪ್ಪನನ್ನು ತಾನು ಮೊಬೈಲ್ ರಿಪೇರಿ ಮಾಡಿ ಕಳಿಸಿದೆನಲ್ಲ ಎಂದು ನೊಂದುಕೊಂಡು, ನಾಳಿನ ಸಂದರ್ಶನದಲ್ಲಿ ನಾನೂ ಹಾಗೇ ಕೂರುತ್ತೇನೆ ಎಂದು ಅಪ್ಪನಿಗೆ ಹೇಳಿದಳು.

ಮರುದಿನ ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು, ಆಚೆ ಬದಿ ನರೆಗೂದಲಿನ ಅಧಿಕಾರಿ. ಅವರು ತಾವೇ ಒಂದು ಈಜುಕೊಳದ ಮಾಲೀಕರೆಂಬಂತೆ ನಟಿಸುತ್ತ ಮಾತಾಡಿದರು: ಸದಸ್ಯರು ಸೇರುತ್ತಾರೆ, ತಿಂಗಳೆರಡು ತಿಂಗಳಲ್ಲಿ ಬಿಡುತ್ತಾರೆ. ಇವಳ ತಲೆಯಲ್ಲಿ ತಕ್ಷಣ ಉಪಾಯ ಎದ್ದು ಕುಣಿಯಿತು: ಈಜಲು ಬನ್ನಿ ಎಂದು ದಿನಾ ಫೋನಿಗೊಂದು ಮೆಸೇಜು ಕಳಿಸಿದರಾಯಿತು! ಇವಳು ಕೈಗಳೆರಡನ್ನೂ ತೊಡೆಯ ಕೆಳಗೆ ತೂರಿಸಿದಳು.

"ಬಿಟ್ಟೋರನ್ನ ಯಾರಾದ್ರೂ ಮಾತಾಡ್ಸಿದ್ದೀರಾ ಸಾರ್?"

ಅವರು ಮುಂದಿದ್ದ ಹಾಳೆ ತಿರುವಿದರು. ಇವಳು ನಡುವೆ ಕೈಹಾಕಲಿಲ್ಲ. ಆಗ ಒಂದೊಂದೇ ಹೊರಬಿತ್ತು: ಬಿಟ್ಟವರು ಹೆಚ್ಚಾಗಿ ಬೆಳಗಿನವರು, ಈಜಿ ಆಫೀಸಿಗೆ ಓಡುವವರು, ಬಟ್ಟೆ ಬದಲಿಸುವ ಕೋಣೆ ಪುಟ್ಟದು, ಮುಂದೆ ಸಾಲು. ಮೆಸೇಜು ಕಳಿಸಿದ್ದರೆ ಸಾಲು ಇನ್ನಷ್ಟು ಉದ್ದವಾಗುತ್ತಿತ್ತು. ಏಳುವಾಗ ಅವರು, ಕೈಗೇನಾಗಿದೆ ಎಂದು ಕೇಳಿದರು. ಇವಳು ಅಪ್ಪನ ಕತೆ ಹೇಳಿದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಜೆಯ ಹೊತ್ತಿಗೆ ಕೆಲಸ ಸಿಕ್ಕಿದ ಸುದ್ದಿ ಬಂತು. ಮಂಚದ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದಳು. ಬಾಯಿ ತೆರೆಯುವ ಮುಂಚೆಯೇ ಅಪ್ಪ, ಕನ್ನಡಕದ ಹೆಂಗಸು ಇಂದು ಇಡೀ ರೂಟ್ ತಾನೇ ಓಡಿಸಿದಳು ಎಂದರು. ತುಟಿಯವರೆಗೆ ಬಂದ ಸುದ್ದಿಯನ್ನು ಇವಳು ನುಂಗಿಕೊಂಡು, ಆಮೇಲೆ ಏನಾಯಿತು ಎಂದು ಕೇಳಿದಳು. ಒಂದೊಂದು ತಿರುವನ್ನೂ ಅಪ್ಪ ಬಣ್ಣಿಸಿದರು. ಇವಳು ಒಂದನ್ನೂ ಬಿಡದೆ ಕೇಳಿದಳು.

"ಸರಿ, ನಿಂದೇನಾಯ್ತು?"

"ಸಿಕ್ತು ಅಪ್ಪ."



"ಹಾಗಾದ್ರೆ ಇನ್ನಾದ್ರೂ ಕೈ ತೆಗಿ ಮಗಳೇ, ಜೋಮು ಹಿಡಿಯುತ್ತೆ."

ಇವಳು ಕೆಳಗೆ ನೋಡಿಕೊಂಡಳು. ಎಡಗೈ ಇನ್ನೂ ತೊಡೆಯ ಕೆಳಗೇ ಇತ್ತು.