ದೇವರ ಪಟದ ಹಿಂದಿನ ಗೋಡೆ

ಹೊರಮಾವಿನ ನಮ್ಮ ಬಾಡಿಗೆ ಮನೆಯಲ್ಲಿ, ಅವ್ವ ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿದು ಎರಡು ವರ್ಷವಾಗಿತ್ತು. ಮೇಲಿನ ಮನೆಯ ಪೈಪು ಒಳಗೊಳಗೇ ಸೋರಿ, ಬೂಷ್ಟು ಮೂಲೆಯಿಂದ ಕಪ್ಪಗೆ ಹಬ್ಬುತ್ತ ಮಂಚದ ತಲೆದೆಸೆಗೆ ಬಂದಿತ್ತು. "ಗ್ವಾಡಿಗಿ ಮೀಸಿ ಬಂದಾವ ನೋಡ" ಎಂದು ಕಲಬುರಗಿಯಿಂದ ಬಂದಿದ್ದ ಅವ್ವ ಮೊದಮೊದಲು ನಕ್ಕಳು. ಆಮೇಲೆ ನಗಲು ಹೋದರೆ ಕೆಮ್ಮು ಬರತೊಡಗಿತು. ಆ ಕೋಣೆಯಲ್ಲಿ ಮಲಗಿಸಬೇಡಿ ಎಂದರು ಡಾಕ್ಟರು. ಇನ್ನೊಂದು ಕೋಣೆಯಲ್ಲಿ ನಾವು ನಾಲ್ವರು. ಹಾಲ್‌ನಲ್ಲಿ ಮಲಗಿಸಿದರೆ ನೆಲದ ಥಂಡಿಗೆ ಅವಳ ಮಂಡಿ ಹಿಡಿಯುತ್ತಿತ್ತು. ಕೊನೆಗೆ ಅದೇ ಕೋಣೆಯೇ ಗತಿಯಾಯಿತು. ಮಾಲೀಕರಿಗೆ ಎಷ್ಟು ಸಲ ಫೋನ್ ಮಾಡಿದರೂ "ಮಳೆ ನಿಲ್ಲಲಿ ಮೇಡಂ, ಮಾಡಿಸ್ತೀನಿ" ಎನ್ನುತ್ತಿದ್ದರು. ಅವರಿರುವ ಇಂದಿರಾನಗರದಲ್ಲಿ ಮಳೆ ನಿಲ್ಲುವುದೇ ಇಲ್ಲವೇನೋ.

ಮನೆ ಮಾರಲು ಹೊರಟಾಗ ಮಾತ್ರ ಅವರ ಕೈಕಾಲಿಗೆ ಜೀವ ಬಂತು. ಪೇಂಟರ್ ಬಂದು, ಬೂಷ್ಟನ್ನು ಕೆರೆಯದೆ, ಅದರ ಮೇಲೆಯೇ ಬಿಳಿ ಬಣ್ಣ ಬಳಿದು ಹೋದ. ವಾರದೊಳಗೆ ಕಪ್ಪು ಮತ್ತೆ ಇಣುಕಿತು. ಆಗ ಮಾಲೀಕರು ತಮ್ಮ ಮನೆಯಿಂದ ವೆಂಕಟರಮಣನ ದೊಡ್ಡ ಪಟ ತಂದು ಅಲ್ಲಿ ನೇತುಹಾಕಿದರು. ದೇವರ ಪಟವನ್ನು ಯಾರೂ ಸರಿಸಿ ನೋಡುವುದಿಲ್ಲವಲ್ಲ. ಅವರಿಗೆ ಅಷ್ಟು ಭಕ್ತಿಯಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಗೋಡೆ ವಿಷ್ಯ ಕೇಳಿದ್ರೆ ಹೇಳಿ. ಕೇಳ್ದೆ ಇದ್ರೆ ನೀವಾಗೇ ಯಾಕೆ ಹೇಳ್ತೀರಾ? ಡೀಲ್ ಮುರಿದ್ರೆ ನೀವೂ ಖಾಲಿ ಮಾಡ್ಬೇಕಾಗುತ್ತೆ" ಎಂದರು. ಮಳೆಗಾಲದಲ್ಲಿ ಕೆಮ್ಮುವ ಅವ್ವನನ್ನು ಕಟ್ಟಿಕೊಂಡು ಎಲ್ಲಿ ಮನೆ ಹುಡುಕಲಿ? ಬಾಯಿ ಮುಚ್ಚಿಕೊಂಡೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮನೆ ಕೊಳ್ಳಲು ನೋಡಬಂದವರೂ ಎಂಥ ಜಾಣರು! ಎ ಖಾತೆಯೋ ಬಿ ಖಾತೆಯೋ, ಕಾವೇರಿ ನೀರು ಬರುತ್ತದೋ, ಕಾರು ನಿಲ್ಲಿಸಲು ಜಾಗವಿದೆಯೋ, ಎಲ್ಲ ಕೇಳಿದರು. ಗೋಡೆಯ ವಿಷಯ ಯಾರೂ ಎತ್ತಲಿಲ್ಲ. ಪಟಕ್ಕೆ ಕೈಮುಗಿದು ಹೊರಟರು. ಒಬ್ಬರು ವಾಸ್ತು ಪಂಡಿತರನ್ನೇ ಕರೆತಂದಿದ್ದರು. ಆ ಪಂಡಿತರು ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ, ಅವ್ವನ ಕೋಣೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತು, "ಈಶಾನ್ಯ. ಇಲ್ಲಿ ಜಲತತ್ತ್ವ ತುಂಬಾ ಬಲವಾಗಿದೆ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಕೊನೆಗೆ ಗಂಡ ಹೆಂಡತಿ ಇಬ್ಬರು ಬಂದರು. ಆಕೆ ಅವ್ವನ ಮಂಚದ ಮೇಲೆ ಕೂತು, "ನಮ್ಮತ್ತೆಗೆ ಈ ರೂಮ್ ಚೆನ್ನಾಗಿರುತ್ತೆ ಅಲ್ವಾ?" ಎಂದು ಗಂಡನನ್ನು ಕೇಳಿದಳು. ಹಾಲ್‌ನಲ್ಲಿ ಕೂತಿದ್ದ ಅವ್ವ ಕೆಮ್ಮಿದಳು. ನನಗೆ ತಡೆಯಲಾಗಲಿಲ್ಲ. ಸ್ಟೂಲು ಹತ್ತಿ ಪಟ ಇಳಿಸಿದೆ. ದೇವರ ಬೆನ್ನಿಗೂ ಬೂಷ್ಟು ಹಿಡಿದಿತ್ತು. ಆಕೆ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು, "ಥ್ಯಾಂಕ್ಸ್ ಮೇಡಂ, ನಿಮ್ಮಂಥೋರು ಈಗೆಲ್ಲಿ ಸಿಗ್ತಾರೆ" ಎಂದಳು.

ಡೀಲ್ ಮುರಿಯಲಿಲ್ಲ. ಅದೇ ಗೋಡೆ ತೋರಿಸಿ ಚೌಕಾಸಿ ಮಾಡಿ ಅವರು ಮನೆ ಕೊಂಡರು. "ಅತ್ತೆಗೆ ಅಲ್ಲಿ ಆಗಲ್ಲ ಬಿಡಿ. ಬಾಡಿಗೆಗೇ ಇರ್ಲಿ, ನೀವೇ ಇರಿ" ಎಂದು ಆಕೆ ಫೋನಿನಲ್ಲಿ ಹೇಳಿದಳು. ಗೋಡೆ ರಿಪೇರಿ ಮಾಡಿಸುತ್ತೀರಾ ಎಂದೆ. "ನೋಡೋಣ ಮೇಡಂ. ನೀವು ಇಷ್ಟು ವರ್ಷ ಇದ್ರಲ್ಲ?" ಖಾಲಿ ಮಾಡುತ್ತೇವೆ ಎಂದೆ. ಆಕೆಗೇನೂ ಬೇಸರವಾಗಲಿಲ್ಲ. "ಸರಿ, ಭಾನುವಾರ ಬಾಡಿಗೆಗೆ ನೋಡೋಕೆ ಒಂದು ಫ್ಯಾಮಿಲಿ ಬರ್ತಾರೆ. ಅವ್ರಿಗೆ ಮಾತ್ರ ಗೋಡೆ ವಿಷ್ಯ ಹೇಳ್ಬೇಡಿ, ಪ್ಲೀಸ್" ಎಂದಳು.

ಫೋನು ಸ್ಪೀಕರಿನಲ್ಲಿತ್ತು. ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಭಾನುವಾರ ಬೆಲ್ ಆದಾಗ ಬಾಗಿಲು ತೆಗೆಯಲು ನನ್ನನ್ನು ಬಿಡಲಿಲ್ಲ, ತಾನೇ ಎದ್ದು ಹೋದಳು. ಬಂದವರಲ್ಲಿ ಅವಳ ವಯಸ್ಸಿನ ಮುದುಕಿಯೊಬ್ಬಳಿದ್ದಳು. ಆಕೆ ಚಪ್ಪಲಿ ಬಿಡುವ ಮೊದಲೇ ಅವ್ವ ಅವಳ ಕೈ ಹಿಡಿದು, "ಬರ್ರಿ ಯಕ್ಕಾ, ಮೊದಲ ಗ್ವಾಡಿ ನೋಡ್ರಿ, ಆಮ್ಯಾಲ ಚಾ ಕುಡೀರಿ" ಎಂದು ಕೋಣೆಗೆ ಎಳೆದುಕೊಂಡು ಹೋದಳು.